ಕೆತ್ತನೆಗೆ ಉಪ್ಪು

ಮಾರ್ಚ್ 3, ಸೋಮವಾರ

ನನ್ನ ಭಾವ ಯಂತ್ರ ಕೆತ್ತಿದ ಹಲಗೆಗಳನ್ನು ಕೈಕೆತ್ತನೆ ಎಂದು ಮಾರುತ್ತಾನೆ. ಇದು ಮೋಸ. ಅಕ್ಕ ಇದನ್ನು ವ್ಯಾಪಾರ ಎನ್ನುತ್ತಾಳೆ, ಪಕ್ಕದ ಗಾಜಿನಂಗಡಿಯವನು ಜಾಣತನ ಎನ್ನುತ್ತಾನೆ. ಅದರ ನಿಜವಾದ ಹೆಸರನ್ನು ಈ ಮನೆಯಲ್ಲಿ ಒಬ್ಬರಾದರೂ ಬರೆದಿಡಬೇಕಲ್ಲ, ಅದಕ್ಕೇ ಈ ದಿನಚರಿ.

ಮೋಸ ನಡೆಯುವ ಬಗೆ ಹೀಗೆ. ಮರವನ್ನು ಉದ್ದಕ್ಕೆ ಸೀಳಿ, ತೊಗಟೆಯನ್ನೂ ತೆಗೆಯದೆ, ಡೊಂಕುಡೊಂಕಾಗಿಯೇ ಒಣಗಿಸಿದ ಹಲಗೆಗಳು ಬರುತ್ತವೆ. ಈಗ ಜನಕ್ಕೆ ಇಂಥದ್ದೇ ಬೇಕಂತೆ. ಒಳಗೆಲ್ಲ ಜಾರುವಂಥ ಟೈಲ್ಸು, ಬಾಗಿಲ ಮೇಲೆ ಮಾತ್ರ ಕಾಡಿನ ತುಂಡು. ಹಲಗೆಯನ್ನು ಯಂತ್ರದ ಮೇಜಿಗೆ ಬಿಗಿದು ಅಕ್ಷರಗಳನ್ನು ಕಂಪ್ಯೂಟರಿಗೆ ಕೊಟ್ಟರೆ ತಿರುಗುವ ಬಿಟ್, ಅಂದರೆ ಉಕ್ಕಿನ ಮೊನೆ, ಇಳಿದು ಕೆತ್ತುತ್ತದೆ. ಕೆತ್ತಿ ಮುಗಿದ ಮೇಲೆ ಭಾವ ಹಿಂದಿನ ಕೋಣೆಗೆ ಕೇಳುವಂತೆ ಕೂಗುತ್ತಾನೆ, "ಅಪ್ಪಾ, ಇದಕ್ಕೊಂಚೂರು ಉಪ್ಪು ಹಾಕು."

ಉಪ್ಪು ಎಂದರೆ ಸುಳ್ಳು ಉಳಿಗುರುತು. ಭಾವನ ಅಪ್ಪ ನಲವತ್ತು ವರ್ಷ ಕೈಯಲ್ಲೇ ಕೆತ್ತಿದವರು. ನಾನೂ ಅವರನ್ನು ಮಾವ ಎಂದೇ ಕರೆಯುತ್ತೇನೆ. ಅವರು ಸಣ್ಣ ಉಳಿ ಹಿಡಿದು ಯಂತ್ರದ ನುಣುಪಾದ ಅಕ್ಷರಗಳ ಒಳಗೆ ಅಲ್ಲಲ್ಲಿ ಗೀರು ಎಳೆಯುತ್ತಾರೆ. ಒಂದು ಕೊಂಬು ತುಸು ದಪ್ಪ, ಒಂದು ಸೊನ್ನೆ ತುಸು ಸೊಟ್ಟ. ಅಷ್ಟಾಯಿತೆಂದರೆ ಅದು ಕೈಕೆತ್ತನೆ. ಹಿಂಬದಿಗೆ ಒಂದು ಚೀಟಿ ಅಂಟುತ್ತದೆ, ಚೀಟಿಯಲ್ಲಿ ಉಳಿ ಹಿಡಿದು ನಗುತ್ತಿರುವ ಮಾವನ ಫೋಟೋ. ಒಬ್ಬ ಕಲಾವಿದನ ಕೈಯನ್ನು ಯಂತ್ರದ ಪರವಾಗಿ ಸುಳ್ಳುಸಾಕ್ಷಿ ಹೇಳಲು ನಿಲ್ಲಿಸಿದ್ದಾರೆ!

ನಾನು ಈ ಮನೆ ಸೇರಿದ್ದು ಗೋದಾಮಿನ ಕೆಲಸದಿಂದ ತೆಗೆದುಹಾಕಿದ ಮೇಲೆ. ಗೋದಾಮಿನ ಗೋಡೆಗೆ ನಮ್ಮ ಓದುಕೂಟದ ಕ್ರಾಂತಿಯ ಕಿರುಹೊತ್ತಿಗೆಯ ಹಾಳೆಗಳನ್ನು ಅಂಟಿಸಿದ್ದೆ, ಮೇಲ್ವಿಚಾರಕನಿಗೆ ಓದಲು ಬರುತ್ತಿತ್ತು. ಇವತ್ತು ಯಂತ್ರ ನಡೆಸುವವನು ಬೇರೆ ಕಡೆ ಕೆಲಸ ಸಿಕ್ಕಿತೆಂದು ಹೇಳಿ ಹೋದ.

"ಏನಮ್ಮಾ ಕ್ರಾಂತಿ, ನಾಳೆಯಿಂದ ನೀನೇ ಯಂತ್ರದ ಹತ್ರ ನಿಲ್ತೀಯಾ?" ಎಂದ ಭಾವ, ಊಟಕ್ಕೆ ಕೂತಾಗ. ಇಲ್ಲಿ ನನ್ನ ಹೆಸರೇ ಅದು.

"ಜನರ ಅನ್ನ ಕಿತ್ಕೊಳ್ಳೋ ಯಂತ್ರಾನ ನಾನು ಮುಟ್ಟಲ್ಲ."

"ಹಾಗಾದ್ರೆ ಅದು ದುಡಿದು ಹಾಕಿರೋ ಅನ್ನಾನೂ ಮುಟ್ಬೇಡ," ಎಂದು ಅಕ್ಕ ನನ್ನ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

ಒಪ್ಪಿದೆ. ಹಸಿವಿಗೆ ಸೋತು ಒಪ್ಪಿದ್ದಲ್ಲ. ಶತ್ರುವಿನ ಒಳಗುಟ್ಟು ತಿಳಿದಿರಬೇಕು.

ಮಾರ್ಚ್ 5, ಬುಧವಾರ

ಯಂತ್ರ ಎಂದರೆ ಏನೋ ಎಂದುಕೊಂಡಿದ್ದೆ. ಒಂದು ಮಂಚ, ಮಂಚದ ಮೇಲೆ ಅತ್ತಿತ್ತ ಓಡುವ ಅಡ್ಡಪಟ್ಟಿ, ಅದಕ್ಕೆ ನೇತುಬಿದ್ದ ಮೋಟರು. ಕಿವಿ ತೂತಾಗುವ ಸದ್ದು, ಮೂಗಿನ ತುಂಬ ಮರದ ಹುಡಿ. ಬುದ್ಧಿ ಮಾತ್ರ ಶೂನ್ಯ. ಹಲಗೆ ಎಲ್ಲಿದೆ ಎಂಬುದೂ ಅದಕ್ಕೆ ಗೊತ್ತಿಲ್ಲ. ಬಿಟ್ಟನ್ನು ನಿಧಾನವಾಗಿ ಇಳಿಸುತ್ತ ಅದರ ಕೆಳಗೆ ಒಂದು ಕಾಗದದ ಚೂರನ್ನು ಎಳೆದಾಡುತ್ತಿರಬೇಕು. ಕಾಗದ ಸಿಕ್ಕಿಕೊಂಡಿತೆಂದರೆ ಮರ ಸಿಕ್ಕಿತು ಎಂದರ್ಥ. ಆ ಎತ್ತರವನ್ನು ಕಂಪ್ಯೂಟರಿಗೆ ಹೇಳಬೇಕು. ಸಪಾಟಾದ ಹಲಗೆಯಾದರೆ ಒಂದೇ ಕಡೆ ಸಾಕು. ತೊಗಟೆಯ ಹಲಗೆಗಳು ಉಬ್ಬು ತಗ್ಗು. ಮೈಮೇಲೆಲ್ಲ ಸಾಲುಸಾಲಾಗಿ ಅಳೆದರೆ ಮಾತ್ರ ಬಿಟ್ ಉಬ್ಬಿನಲ್ಲಿ ಏರಿ ತಗ್ಗಿನಲ್ಲಿ ಇಳಿದು ಕೆತ್ತುತ್ತದೆ.

"ಇಷ್ಟೊಂದು ಕಡೆ ಯಾಕೆ ಭಾವ? ನೋಡಿದ್ರೆ ಗೊತ್ತಾಗಲ್ವಾ?"

"ನಿನಗೆ ಗೊತ್ತಾಗುತ್ತಮ್ಮಾ, ಅದಕ್ಕೆ ಗೊತ್ತಾಗಲ್ಲ. ಅದು ಕುರುಡು."

ಕುರುಡೆಂದು ತಿಳಿದೂ ಅದರ ಕೈಗೆ ಉಳಿ ಕೊಟ್ಟಿದ್ದಾನೆ ಮಹಾಶಯ. ಹಲಗೆಯ ಮೈಯನ್ನು ವೈದ್ಯರ ಹಾಗೆ ಅಲ್ಲಿ ಇಲ್ಲಿ ಮುಟ್ಟಿ ನೋಡುವ ಈ ನಾಟಕವನ್ನು ಕಣ್ಣಿದ್ದವರು ಯಾರೂ ಸಹಿಸಲಾರರು.

ಮಾರ್ಚ್ 9, ಭಾನುವಾರ

ಓದುಕೂಟದ ದಿನ. ಸೈಕಲ್ ಅಂಗಡಿಯ ಮೇಲಿನ ಕೋಣೆ. ವಾರದಲ್ಲಿ ನಾನು ಮನುಷ್ಯಳಂತೆ ಉಸಿರಾಡುವ ಎರಡೇ ಗಂಟೆ.

ನಮ್ಮ ಮುಂದಾಳನ್ನು ನಾವೆಲ್ಲ ಪ್ರೀತಿಯಿಂದ ಕನ್ನಡಕ ಎನ್ನುತ್ತೇವೆ. ಕಿರುಹೊತ್ತಿಗೆಗಳನ್ನು ಬರೆಯುವವರು ಅವರು, ಅಚ್ಚು ಹಾಕಿಸುವವರೂ ಅವರೇ. ಎಂಥ ಮಾತು! ಅವರು ಮಾತಾಡುವಾಗ ಕೆಳಗೆ ಟಯರಿಗೆ ಗಾಳಿ ಹೊಡೆಯುವ ಸದ್ದೂ ನಿಂತಂತಾಗುತ್ತದೆ. ಕೂಟಕ್ಕೆ ಈಗ ದೊಡ್ಡ ಕೋಣೆಯೊಂದು ಸಿಕ್ಕಿದೆ. ತಿಂಗಳ ಕೊನೆಯ ಭಾನುವಾರ ಅದರ ಉದ್ಘಾಟನೆ. ಬಾಗಿಲ ಮೇಲೆ 'ದುಡಿವ ಕೈಯೇ ದೊಡ್ಡದು' ಎಂಬ ಫಲಕ ಬೇಕು. ತೊಗಟೆಯ ಹಲಗೆಯೇ ಆಗಬೇಕು, ಅದು ಜನಕ್ಕೆ ಹತ್ತಿರ ಎಂದರು ಕನ್ನಡಕ.

ಆಗ ನನಗೆ ಹೊಳೆಯಿತು. ಎದ್ದು ನಿಂತು ಹೇಳಿದೆ: "ನಮ್ಮ ಭಾವನ ಅಂಗಡಿಗೇ ಕೊಡೋಣ. ಆದ್ರೆ ಕೆತ್ತೋದು ಸಭೆಯಲ್ಲೇ, ಎಲ್ಲರ ಕಣ್ಣೆದುರಿಗೆ ಆಗ್ಬೇಕು. ಅವರಲ್ಲಿ ನಲವತ್ತು ವರ್ಷದಿಂದ ಉಳಿ ಹಿಡಿದ ಹಿರಿಯರೊಬ್ಬರಿದ್ದಾರೆ."

ಚಪ್ಪಾಳೆ. ಕನ್ನಡಕ ನನ್ನ ಭುಜ ತಟ್ಟಿದರು. ಯಂತ್ರದ ವಿಷಯ ನಾನು ಬಾಯಿ ಬಿಡಲಿಲ್ಲ. ಬೋನು ಇಡುವವರು ಬೋನಿನ ವಿಷಯ ಹೇಳಿಕೊಂಡು ತಿರುಗುವುದಿಲ್ಲ. ಭಾವ ಈಗ ತಡವರಿಸಬೇಕು, ನೆಪ ಹೇಳಬೇಕು, ಕೊನೆಗೆ ಎಲ್ಲರೆದುರು ಒಪ್ಪಿಕೊಳ್ಳಬೇಕು: ನಮ್ಮದು ಕೈಕೆತ್ತನೆಯಲ್ಲ ಎಂದು.

ಮಾರ್ಚ್ 10, ಸೋಮವಾರ

ಭಾವ ತಡವರಿಸಲಿಲ್ಲ. ಕೂಟದವರು ಬಂದು ಕೇಳಿದಾಗ, "ಓಹೋ, ಅದಕ್ಕೇನಂತೆ, ಅಪ್ಪ ಬಂದು ಕೆತ್ತಿಕೊಡ್ತಾರೆ" ಎಂದುಬಿಟ್ಟ. ನಾಚಿಕೆಗೇಡಿತನಕ್ಕೂ ಒಂದು ಮಿತಿ ಬೇಡವೆ? ಅವರು ಅತ್ತ ಹೋದ ಮೇಲೆ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದ. "ನಿನ್ನ ಕೂಟದೋರಿಗೆ ರುಚಿ ಇದೆ ಕಣೇ."

ಮಾವ ಒಳಗೆ ಉಳಿ ಮಸೆಯುತ್ತಿದ್ದರು. ಮಸೆಯುವುದನ್ನು ನಿಲ್ಲಿಸಿ ಬಲಭುಜವನ್ನು ಒಮ್ಮೆ ತಿರುಗಿಸಿ ನೋಡಿಕೊಂಡರು, ಅಷ್ಟೇ.

ಮಾರ್ಚ್ 13, ಗುರುವಾರ

ಇವತ್ತಿನದನ್ನು ಬರೆಯುವುದೋ ಬೇಡವೋ. ಬರೆಯುತ್ತೇನೆ. ನಾನು ಭಾವನಂಥವಳಲ್ಲ.

ಹಲ್ಲಿನ ವೈದ್ಯೆಯೊಬ್ಬರ ಚಿಕಿತ್ಸಾಲಯಕ್ಕೆ 'ಒಳಗೆ ಬನ್ನಿ' ಎಂಬ ಫಲಕ. ಉದ್ದನೆಯ ಹಲಗೆ, ಎರಡೂ ಅಂಚಿನಲ್ಲಿ ದಪ್ಪ ತೊಗಟೆ. ಮೈಯೆಲ್ಲ ಅಳೆಯುವ ಶಾಸ್ತ್ರ ನನಗೆ ಬೇಕಿರಲಿಲ್ಲ. ಕಣ್ಣಿಗೆ ಸಪಾಟಾಗಿಯೇ ಕಂಡಿತು. ಒಂದು ತುದಿಯಲ್ಲಿ, ತೊಗಟೆಗೆ ತಾಗಿದಂತೆ, ಕಾಗದ ಸಿಕ್ಕಿಸಿ ಎತ್ತರ ಕೊಟ್ಟು ಗುಂಡಿ ಒತ್ತಿದೆ. ಒಣಗುವಾಗ ಆ ಹಲಗೆ ದೋಣಿಯಂತೆ ಬಾಗಿ ತುದಿಗಳು ಮೇಲೆದ್ದಿದ್ದವಂತೆ. ಅಂತೆ! ಹಲಗೆ ಮೊದಲೇ ಹೇಳಬಹುದಿತ್ತು.

ಬಿಟ್ 'ಒ' ಕೆತ್ತಿತು. ಆಮೇಲೆ ಅದೇ ಶ್ರದ್ಧೆಯಿಂದ, ಅದೇ ಅಬ್ಬರದಿಂದ, ಹಲಗೆಯ ಮೇಲಿನ ಬರೀ ಗಾಳಿಯಲ್ಲಿ ಒಂದೊಂದೇ ಅಕ್ಷರ ಬರೆಯುತ್ತ ಹೋಯಿತು. ಆ ತುದಿ ಮುಟ್ಟಿದ ಮೇಲೆ 'ನ್ನಿ' ಕೆತ್ತಿ ನಿಂತಿತು. ನಾನು ಬಾಯಿ ತೆರೆದುಕೊಂಡು ನೋಡುತ್ತಿದ್ದೆ. ನಿಲ್ಲಿಸುವ ಕೆಂಪು ಗುಂಡಿ ಕೈಯ ಪಕ್ಕದಲ್ಲೇ ಇತ್ತು.

ಭಾವ ಬಂದು ಹಲಗೆಯ ಸುತ್ತ ಒಂದು ಸುತ್ತು ಹಾಕಿದ.

"'ಒ'… 'ನ್ನಿ'. ಹಲ್ಲು ಕಿತ್ತ ಮೇಲೆ ಮಾತಾಡಿದ ಹಾಗಿದೆ."

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

"ಬೇಜಾರ್ ಮಾಡ್ಕೋಬೇಡ ಕ್ರಾಂತಿ," ಎಂದ. "ನಿಮ್ಮ ಕೂಟದ ಭಾಷಣಾನೂ ಹೀಗೇ ತಾನೆ? ಶುರುವಾಗಿದ್ದು ಕೇಳುತ್ತೆ, ಚಪ್ಪಾಳೆ ಕೇಳುತ್ತೆ. ನಡುವೆ ಬರೀ ಗಾಳಿ."

ಇವನಿಗೆ ಯಾವುದೂ ಪವಿತ್ರವಲ್ಲ.

ಮಾರ್ಚ್ 14, ಶುಕ್ರವಾರ

ಯಾರೊಂದಿಗೂ ಮಾತಿಲ್ಲ. ಅದೇ ಹಲಗೆಯನ್ನು ತಿರುಗಿಸಿ ಹಾಕಿ ಬೆಳಗಿನಿಂದ ಊಟದ ಹೊತ್ತಿನವರೆಗೆ ಅಳೆದೆ. ಸರಿ ಬಂತು. ಯಾರೂ ಹೊಗಳಲಿಲ್ಲ. ನನಗೇನೂ ಬೇಕಿರಲಿಲ್ಲ.

ಮಾರ್ಚ್ 17, ಸೋಮವಾರ

ಕ್ಷೌರದಂಗಡಿಗೆ ಒಂದು ಫಲಕ. ಹಲಗೆಯ ನಡುವೆ ಮುಷ್ಟಿಯಷ್ಟು ದೊಡ್ಡ ಗಂಟು, ಅದರ ಸುತ್ತ ಮರ ಉಬ್ಬಿಕೊಂಡಿತ್ತು. ಅಡಿಭಾಗವೂ ಸೊಟ್ಟ, ಮೇಜಿನ ಮೇಲಿಟ್ಟರೆ ಕಾಲು ಮುರಿದ ಕುರ್ಚಿಯಂತೆ ಕುಂಟುತ್ತಿತ್ತು. ಕೆಳಗೆ ಬೆಣೆ ಕೊಟ್ಟು ಕುಂಟು ನಿಲ್ಲಿಸಿದೆ. ಮೇಲಿನಿಂದ ಬಿಗಿದರೆ ತೊಗಟೆ ಎದ್ದು ಬರುತ್ತದೆ, ಹಾಗಾಗಿ ಅಡಿಯಿಂದ ತಿರುಪು ಹಾಕಿದೆ. ಮೊನಚು ಬಿಟ್ ಆಳಕ್ಕೆ ಹೋದಷ್ಟೂ ಗೆರೆ ದಪ್ಪವಾಗುತ್ತದೆ. ಉಬ್ಬಿನಲ್ಲಿ ಕೂದಲೆಳೆಯಷ್ಟು ಲೆಕ್ಕ ತಪ್ಪಿದರೂ ಅಕ್ಷರಕ್ಕೆ ಬಾವು ಬಂದಂತೆ ಕಾಣುತ್ತದೆ. ಗಂಟಿನ ಸುತ್ತ ಬೆರಳಗಲಕ್ಕೆ ಒಂದರಂತೆ ಅಳೆದೆ. ಗೆರೆ ಉಬ್ಬನ್ನು ಹತ್ತಿತು, ಗಂಟಿನ ಮೇಲೆ ತುಸು ತಡೆಯಿತು, ಆಚೆ ಇಳಿಯಿತು. ಎಲ್ಲೂ ದಪ್ಪವಾಗಲಿಲ್ಲ, ತೆಳುವಾಗಲಿಲ್ಲ.

ಅಕ್ಕ ಊಟಕ್ಕೆ ಮೂರು ಸಲ ಕರೆದಳಂತೆ. ಕೇಳಿಸಲಿಲ್ಲ. ಯಂತ್ರದ ಹಾಳು ಸದ್ದು.

ಸಂಜೆ ಕ್ಷೌರದಂಗಡಿಯವನು ಬಂದ. ಮಾವ ಎಳೆದಿದ್ದ ಸುಳ್ಳು ಗೀರಿನ ಮೇಲೆ ಬೆರಳಾಡಿಸುತ್ತ, "ಏನೇ ಹೇಳಿ, ಕೈಕೆತ್ತನೆ ಅಂದ್ರೆ ಕೈಕೆತ್ತನೇನೇ" ಎಂದ. ಶುದ್ಧ ಮೂಢ! ಆ ಗೀರಿನಿಂದ ನಾಲ್ಕು ಬೆರಳಿನಾಚೆ ಗಂಟು ದಾಟಿದ ಆ ಗೆರೆಯಿತ್ತು. ಅವನ ಕಣ್ಣು ಅದರ ಮೇಲೆ ಹರಿದು ಹೋಯಿತು, ನಿಲ್ಲಲೇ ಇಲ್ಲ. ದಿನವಿಡೀ ಕತ್ತಿ ಹಿಡಿಯುವವನಿಗೆ ಇಷ್ಟೂ ಕಾಣಬೇಡವೆ?

ಮಾರ್ಚ್ 19, ಬುಧವಾರ

ನನ್ನದೇ ಕಿರುಹೊತ್ತಿಗೆ ಸಿದ್ಧವಾಗುತ್ತಿದೆ. 'ಕಸಿದುಕೊಂಡ ಉಳಿ.' ಮೊದಲ ಪುಟವನ್ನು ಮಾವನಿಗೇ ಓದಿ ಹೇಳಿದೆ. ಅವರು ಬಾಗಿಲ ಬಳಿ ಕೂತು ಬೀಳುತ್ತಿದ್ದ ತೊಗಟೆಯೊಂದನ್ನು ಅಂಟು ಹಾಕಿ ಒತ್ತಿ ಹಿಡಿದಿದ್ದರು, ಆದ್ದರಿಂದ ಎದ್ದು ಹೋಗುವಂತಿರಲಿಲ್ಲ.

"'ಒಂದು ಕಾಲದಲ್ಲಿ ಉಳಿಯೊಂದಿಗೆ ಹಾಡುತ್ತಿದ್ದ ಆ ಕೈಗಳು ಇಂದು ಉಕ್ಕಿನ ರಾಕ್ಷಸನ ಮುಂದೆ ಮೂಕವಾಗಿ…'"

"ಯಾರಮ್ಮಾ ಈ ಪಾಪದ ಮುದುಕ?"

"ನೀವೇ, ಮಾವ."

"ನಾನಾ!" ಅಂಟು ಬಿಟ್ಟುಹೋಗುವಷ್ಟು ನಕ್ಕರು. "ನಾನ್ಯಾವಾಗ ಹಾಡ್ತಿದ್ದೆ? ಬಯ್ತಿದ್ದೆ. ಪಕ್ಕದ್ಮನೆಯೋರು ಮಕ್ಕಳ ಕಿವಿಗೆ ಬೀಳ್ಬಾರದು ಅಂತ ಕಿಟಕಿ ಮುಚ್ಕೋತಿದ್ರು."

"ಆದ್ರೂ ಯಂತ್ರ ಬಂದು ನಿಮ್ಮ ಕೆಲಸ ಕಿತ್ಕೊಂಡಿದ್ದು ನಿಜ ತಾನೆ?"

"ತರ್ಸಿದ್ದೇ ನಾನು. ಮಗ ಬೇಡ ಅಂದ, ನಾನು ಹಟ ಹಿಡ್ದೆ. ಡಾಕ್ಟ್ರ ಹೆಸರು, ವಕೀಲರ ಹೆಸರು, 'ನಾಯಿ ಇದೆ ಎಚ್ಚರಿಕೆ.' ನಲವತ್ತು ವರ್ಷ ಇದನ್ನೇ ಕೆತ್ತು ಅಂದ್ರೆ ನೀನೂ ಹಾಡ್ತಿದ್ಯಾ?"

"ಮತ್ತೆ ಉಪ್ಪು ಯಾಕೆ ಹಾಕ್ತೀರಿ?"

"ಕೇಳೋರು ಇದಾರಲ್ಲ. ಅವರಿಗೆ ಬೇಕಾಗಿರೋದು ಅಕ್ಷರ ಅಲ್ಲಮ್ಮಾ. ಯಾವನೋ ಒಬ್ಬ ಬೆನ್ನು ಬಗ್ಗಿಸಿ ನೋವು ತಿಂದಿದಾನೆ ಅಂತ ಗೊತ್ತಾಗ್ಬೇಕು. ನನ್ನ ಬೆನ್ನುನೋವನ್ನ ತಗೊಂಡ್ಹೋಗಿ ಗೋಡೆಗೆ ನೇತು ಹಾಕ್ಕೋತಾರೆ."

ಶೋಷಣೆಗೆ ಒಳಗಾದವರಿಗೆ ಅದು ಕಾಣುವುದಿಲ್ಲ ಎಂದು ಕಿರುಹೊತ್ತಿಗೆಗಳಲ್ಲಿ ಸ್ಪಷ್ಟವಾಗಿದೆ. ಮಾವ ಅದಕ್ಕೆ ಕಣ್ಣೆದುರಿನ ಉದಾಹರಣೆ. 'ಹಾಡುತ್ತಿದ್ದ' ಎಂಬುದನ್ನು ಮಾತ್ರ ಹೊಡೆದುಹಾಕಿದೆ. 'ಬಯ್ಯುತ್ತಿದ್ದ' ಎಂದು ಹಾಕಿ ನೋಡಿದೆ, ವಾಕ್ಯ ನಿಲ್ಲಲಿಲ್ಲ. ಆಮೇಲೆ ಇಡೀ ಪುಟ ನಿಲ್ಲಲಿಲ್ಲ.

ಮಾರ್ಚ್ 22, ಶನಿವಾರ

ಬೆಳಿಗ್ಗೆ ಹಿಂದಿನ ಕೋಣೆಯಿಂದ ಸದ್ದು. ಟಕ್, ಟಕ್. ಆಮೇಲೆ ಬಹಳ ಹೊತ್ತು ಏನಿಲ್ಲ. ಮತ್ತೆ ಟಕ್.

ಹೋಗಿ ನೋಡಿದರೆ ಮಾವ ಒಂದು ಹಳೆಯ ಹಲಗೆಯ ಮೇಲೆ ದೊಡ್ಡ ಉಳಿ ಇಟ್ಟು ಕೊಡತಿಯಿಂದ ಹೊಡೆಯುತ್ತಿದ್ದರು. ಪ್ರತಿ ಪೆಟ್ಟಿನ ನಂತರ ಬಲಗೈ ಮಡಿಲಿಗೆ ಬೀಳುತ್ತಿತ್ತು. ಅದನ್ನು ಎಡಗೈಯಿಂದ ಎತ್ತಿ ಮತ್ತೆ ಕೊಡತಿಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಹಣೆಯಲ್ಲಿ ಬೆವರು. ನನ್ನನ್ನು ನೋಡಿ, "ಅಭ್ಯಾಸ ತಪ್ಪಿದೆ ಕಣಮ್ಮಾ. ಉದ್ಘಾಟನೆ ಹೊತ್ತಿಗೆ ಸರಿಹೋಗುತ್ತೆ" ಎಂದರು.

ಅಕ್ಕ ನನ್ನ ರಟ್ಟೆ ಹಿಡಿದು ಅಂಗಳಕ್ಕೆ ಎಳೆದುಕೊಂಡು ಬಂದಳು.

"ಅವರ ಭುಜದೊಳಗೆ ಏನೋ ಹರಿದುಹೋಗಿದೆ ಅಂತ ಡಾಕ್ಟ್ರು ಹೇಳಿ ಎರಡು ವರ್ಷ ಆಯ್ತು. ಕೊಡತಿ ಮುಟ್ಟಿದ್ರೆ ಇನ್ಮೇಲೆ ಕೈ ತಲೆವರೆಗೂ ಏಳಲ್ಲ ಅಂದಿದಾರೆ. ಸಣ್ಣ ಉಳಿ ಎಳೆಯೋದು ಬೇರೆ, ಇದು ಬೇರೆ. ನಿನಗೆ ಗೊತ್ತಿರಲಿಲ್ವಾ?"

"ನನಗ್ಯಾರು ಹೇಳಿದ್ರು?"

"ನೀನು ಕೇಳಿದ್ರೆ ತಾನೆ? ಕಸಿದ್ಕೊಂಡ್ರು, ಕಸಿದ್ಕೊಂಡ್ರು ಅಂತ ಬರೀತಾ ಕೂತಿದ್ದೆ. ಆ ಕೈ ಹೇಗಿದೆ ಅಂತ ಒಂದು ದಿನ ಕೇಳಿದ್ಯಾ?"

ಮಾವನ ಹತ್ತಿರ ಹೋಗಿ, ಬೇಡ ಮಾವ, ಆಗಲ್ಲ ಅಂತ ಹೇಳಿಬಿಡಿ ಎಂದೆ.

"ಹೇಗೆ ಹೇಳಲಿ? ಚೀಟಿ ಮೇಲೆ ನನ್ನ ಫೋಟೋ ಇದೆ. ಕೈ ಎತ್ತೋಕಾಗಲ್ಲ ಅಂದ್ರೆ, ಇಷ್ಟು ದಿನ ಕೆತ್ತಿದ್ಯಾರು ಅಂತ ಕೇಳ್ತಾರೆ. ಇವನ ಮಾತು ಸುಳ್ಳಾಗುತ್ತೆ. ನಾಲ್ಕಕ್ಷರ ತಾನೆ, ಹೊಡೆದು ಬರ್ತೀನಿ ಬಿಡು."

ಬೋನು ನಾನು ಭಾವನಿಗೆ ಇಟ್ಟಿದ್ದು. ಈ ಮುದುಕರು ಅದರೊಳಗೆ ಕೈ ಹಾಕುತ್ತಾರೆಂದು ನಾನೇಕೆ ಅಂದುಕೊಳ್ಳಬೇಕಿತ್ತು? ತಪ್ಪು ಭಾವನದೇ. ಆದರೆ ಸಭೆಯಲ್ಲಿ ಎದ್ದು ನಿಂತು ಹೇಳಿದವಳು ನಾನು.

ನಾಳೆ ಕೂಟಕ್ಕೆ ಹೋಗಿ ಎಲ್ಲ ಹೇಳುತ್ತೇನೆ. ಕನ್ನಡಕ ಇದ್ದಾರೆ. ಅವರಿಗೆ ಅರ್ಥವಾಗುತ್ತದೆ.

ಮಾರ್ಚ್ 23, ಭಾನುವಾರ

ಹೇಳಿದೆ. ಯಂತ್ರ, ಉಪ್ಪು, ಚೀಟಿ, ಭುಜ, ಒಂದೂ ಬಿಡದೆ ಹೇಳಿದೆ. ನಾನು ಕಾಯುತ್ತಿದ್ದುದು ಸಿಟ್ಟಿಗೆ. ಭಾವನ ಮೇಲೆ ಆಗಲಿ, ನನ್ನ ಮೇಲೆ ಆಗಲಿ, ಸಿಟ್ಟು ಬಂದರೆ ಸಾಕಿತ್ತು.

ಕನ್ನಡಕ ತನ್ನ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ.

"ಯಂತ್ರದ ವಿಷಯ ಇರಲಿ ಬಿಡು. ಅಂಗಡಿ ಅಂದ್ಮೇಲೆ ಇದ್ದಿದ್ದೇ. ಮುಂದಿನ ಭಾನುವಾರ ಹಿರಿಯರು ಬರ್ತಾರೆ ತಾನೆ? ಪೋಸ್ಟರಿಗೆ ಕೊಟ್ಟಾಗಿದೆ."

"ಅವರಿಗೆ ಕೈ ಎತ್ತೋಕಾಗಲ್ಲ ಅಂದ್ನಲ್ಲ."

"ಪೂರ್ತಿ ಯಾರು ಕೆತ್ತು ಅಂದ್ರು? ನಿನ್ನ ಯಂತ್ರದಲ್ಲೇ ಕೆತ್ತಿಸ್ಕೊಂಡು ಬಾ, ಕೊನೇ ಎರಡಕ್ಷರ ಬಿಟ್ಟಿರು. ಅಷ್ಟು ಹೊಡೆದ್ರೆ ಸಾಕು. ಜನಕ್ಕೆ ಉಳಿ ಸದ್ದು ಕೇಳ್ಬೇಕು, ಬೆವರು ಕಾಣ್ಬೇಕು."

"ಅದು ಸುಳ್ಳಾಗುತ್ತಲ್ಲ!"

"ಸುಳ್ಳಲ್ಲ. ಸಂಕೇತ."

ಫೋಟೋ ತೆಗೆಯುವವನು ಮೂಲೆಯಿಂದ ಹೇಳಿದ, "ಸ್ವಲ್ಪ ನೋವು ಕಂಡ್ರೂ ಒಳ್ಳೇದೇ. ಮುಖ ಚೆನ್ನಾಗಿ ಬರುತ್ತೆ."

ಯಾರೂ ನಗಲಿಲ್ಲ. ಅವನು ತಮಾಷೆಗೆ ಹೇಳಿದ್ದಲ್ಲ ಎಂದು ಅದರಿಂದಲೇ ತಿಳಿಯಿತು. ಇಬ್ಬರು ತಲೆಯಾಡಿಸಿದರು. ಒಬ್ಬಳು ತನ್ನ ಟಿಪ್ಪಣಿಯಲ್ಲಿ 'ಸಂಕೇತ' ಎಂದು ಬರೆದುಕೊಂಡು ಅಡಿಗೆರೆ ಎಳೆದಳು.

ಭಾವ ಅದನ್ನು ಉಪ್ಪು ಎನ್ನುತ್ತಾರೆ. ಕೊನೆಯ ಪಕ್ಷ ಅವರಿಗೆ ತಾವು ಏನು ಹಾಕುತ್ತಿದ್ದೇವೆಂದು ಗೊತ್ತು. ಈ ಕೋಣೆಯಲ್ಲಿ ಕುಳಿತ ಒಬ್ಬರೂ ಜೀವಮಾನದಲ್ಲಿ ಒಂದು ಮೊಳೆ ಹೊಡೆದಿಲ್ಲ. ಕೈ, ಕೈ ಎಂದು ಕೂಗುತ್ತಾರೆ. ಕೈಗೆ ಒಂದು ಭುಜ ಇರುತ್ತದೆ ಎಂಬುದು ತಿಳಿಯದು. ಮೆಟ್ಟಿಲು ಇಳಿಯುವಾಗ ಸೈಕಲ್ ಅಂಗಡಿಯವನು ಟಯರಿಗೆ ಗಾಳಿ ಹೊಡೆಯುತ್ತಲೇ ಇದ್ದ. ಅವನು ಯಾವತ್ತೂ ನಿಲ್ಲಿಸಿರಲಿಲ್ಲ ಎಂದು ಕಾಣುತ್ತದೆ.

ಮಾರ್ಚ್ 25, ಮಂಗಳವಾರ

ಪೋಸ್ಟರು ಬಂದಿದೆ. ಬಸ್ ನಿಲ್ದಾಣದ ಗೋಡೆಯಲ್ಲಿ, ಔಷಧದಂಗಡಿಯ ಪಕ್ಕ, ಎಲ್ಲೆಲ್ಲೂ. ಚೀಟಿಯ ಮೇಲಿನ ಮಾವನ ಫೋಟೋವನ್ನೇ ಎತ್ತಿ ಆಳೆತ್ತರ ಮಾಡಿದ್ದಾರೆ. ಮಾವನನ್ನು ಒಂದು ಮಾತು ಕೇಳಿಲ್ಲ.

ಸಂಜೆಯ ಊಟ. ಮಾವ ನೀರಿನ ಲೋಟಕ್ಕೆ ಬಲಗೈ ಚಾಚಿದರು. ಕೈ ಅರ್ಧ ದಾರಿಯಲ್ಲಿ ನಿಂತಿತು. ಅವರು ಅದನ್ನು ತಿರುಗಿಸಿ, ತಟ್ಟೆಯ ಅಂಚು ಸರಿಪಡಿಸುವವರಂತೆ ನಟಿಸಿ, ಎಡಗೈಯಿಂದ ಲೋಟ ಎತ್ತಿದರು. ಭಾವ ನೋಡಿದರು. ನಾನು ನೋಡಿದ್ದನ್ನೂ ನೋಡಿದರು. ಆ ಹೊತ್ತಿನಲ್ಲಿ ಒಂದು ತಮಾಷೆಯ ಮಾತು ಬರಲೇಬೇಕಿತ್ತು, ಬರಲಿಲ್ಲ.

ಊಟವಾದ ಮೇಲೆ ನಾನು ಯಂತ್ರದ ಹುಡಿ ಗುಡಿಸುತ್ತಿದ್ದಾಗ ಭಾವ ಶೆಡ್ಡಿಗೆ ಬಂದರು.

"ಭುಜ ಪರವಾಗಿಲ್ಲ ಅಂತ ನನಗೆ ಹೇಳ್ತಿದ್ರು. ನಾನೂ ನಂಬ್ದೆ. ನಂಬಿದ್ರೆ ನನಗೂ ಅನುಕೂಲ ಅಲ್ವಾ?"

ನಾನು ಗುಡಿಸುತ್ತಲೇ ಇದ್ದೆ.

"ನಿನಗೆ ಬೇಕಾಗಿದ್ದು ಇದೇ ತಾನೆ ಕ್ರಾಂತಿ? ಹೇಳಿಬಿಡು ಎಲ್ಲರಿಗೂ. ನಮ್ಮದು ಯಂತ್ರದ ಕೆತ್ತನೆ ಅಂತ."

"ನೀವೇ ಹೇಳಿ ಭಾವ. ನಾನು ಹೇಳಿದ್ರೆ ಚಾಡಿ ಆಗುತ್ತೆ."

"ಹೇಳ್ತೀನಿ. ಆದ್ರೆ ಗಿರಾಕಿಗಳು ಓಡಿಹೋದ್ರೆ ಮನೆಮನೆಗೆ ಹೋಗಿ ಎಳ್ಕೊಂಡು ಬರೋದು ನಿನ್ನ ಕೆಲಸ."

"ತರ್ತೀನಿ."

ಬಂಡವಾಳಿಗನ ಜತೆ ಒಪ್ಪಂದವಲ್ಲ ಇದು, ತಾತ್ಕಾಲಿಕ ಹೊಂದಾಣಿಕೆ. ನನ್ನ ನಿಲುವು ಕೂದಲೆಳೆಯಷ್ಟೂ ಬದಲಾಗಿಲ್ಲ.

ಮಾರ್ಚ್ 27, ಗುರುವಾರ

ಮೊದಲ ಗಿರಾಕಿ ಓಡಿಹೋದರು. ವಕೀಲೆಯೊಬ್ಬರು ಕಚೇರಿಗೆಂದು ಹೇಳಿಟ್ಟಿದ್ದ ದೊಡ್ಡ ಫಲಕ. ನಾನು ಎರಡು ದಿನ ಕೂತು ಅಳೆದದ್ದು, ಒಂದು ಚಕ್ಕೆ ತೊಗಟೆಯೂ ಉದುರದಂತೆ ನೋಡಿಕೊಂಡದ್ದು. ಅವರು ಬಂದು ಅಕ್ಷರಗಳನ್ನು ಮುಟ್ಟಿ ನೋಡಿ, "ಅಬ್ಬಾ, ಎಷ್ಟು ಚೆನ್ನಾಗಿದೆ!" ಎಂದರು. ಭಾವ ಗಂಟಲು ಸರಿಮಾಡಿಕೊಂಡು, "ಮೇಡಂ, ಇದು ಯಂತ್ರದಲ್ಲಿ ಕೆತ್ತಿದ್ದು" ಎಂದರು.

ಅವರು ಬಿಸಿ ತಾಗಿದವರಂತೆ ಕೈ ಹಿಂದಕ್ಕೆ ತೆಗೆದುಕೊಂಡರು. "ಹಾಗಾದ್ರೆ ಬೇಡ ಬಿಡಿ."

ಒಂದೇ ಹಲಗೆ, ಒಂದೇ ಅಕ್ಷರ. ಒಂದು ವಾಕ್ಯದ ಹಿಂದೆ ಚೆನ್ನಾಗಿತ್ತು, ಈಗ ಬೇಡ. ಈಕೆ ನ್ಯಾಯಾಲಯದಲ್ಲಿ ಸಾಕ್ಷಿ ಹೇಗೆ ಪರೀಕ್ಷಿಸುತ್ತಾಳೋ! ಬಾಗಿಲವರೆಗೆ ಹಿಂದೆ ಹೋಗಿ ಉಬ್ಬು ದಾಟಿದ ಗೆರೆಯನ್ನಾದರೂ ನೋಡಿ ಹೋಗಿ ಎಂದೆ. ನೋಡಲಿಲ್ಲ.

ಅಕ್ಕನ ಮುಖ ಸಪ್ಪಗಿತ್ತು. ಆ ಫಲಕವನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು. ಮಾವ ಸಣ್ಣ ಉಳಿಯನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದರು.

"ಉಪ್ಪು ಬಿಟ್ಟಿದ್ದು ಒಳ್ಳೇದಾಯ್ತು. ಬಿಪಿಗೂ ಬೇಡ ಅಂದಿದ್ರು."

ಯಾರಿಗೂ ನಗು ಬರಲಿಲ್ಲವಾದ್ದರಿಂದ ಅವರೊಬ್ಬರೇ ನಕ್ಕರು. ಆಮೇಲೆ ಅಕ್ಕ ನಕ್ಕಳು. ಆಮೇಲೆ, ಅವಳು ನಕ್ಕಳಲ್ಲ ಎಂದು, ಭಾವ.

ಮಾರ್ಚ್ 28, ಶುಕ್ರವಾರ

ಕನ್ನಡಕನಿಗೆ ಭಾವನೇ ಹೋಗಿ ಹೇಳಿ ಬಂದರು, ಅಪ್ಪ ಬರುವುದಿಲ್ಲ ಎಂದು. ಅವನು ಕೇಳಿದನಂತೆ, "ಒಂದು ಹತ್ತು ನಿಮಿಷ ಸುಮ್ನೆ ಉಳಿ ಹಿಡ್ಕೊಂಡು ಕೂತ್ಕೊಳ್ಳೋಕಾದ್ರೂ ಆಗಲ್ವಾ?" ಭಾವ ಅದಕ್ಕೆ ಏನು ಹೇಳಿದರೆಂದು ಅಕ್ಕನೆದುರು ಹೇಳಲಿಲ್ಲ. ನನಗೆ ಹೇಳಿದರು. ಇಲ್ಲಿ ಬರೆಯುವಂಥದ್ದಲ್ಲ, ಆದರೆ ಕೇಳಿ ಹಿತವಾಯಿತು.

ಪೋಸ್ಟರನ್ನು ಮಾತ್ರ ತೆಗೆಯುವುದಿಲ್ಲವಂತೆ. ಜನ ಬರಲಿ, ಬಂದ ಮೇಲೆ ಹಿರಿಯರಿಗೆ ಹುಷಾರಿಲ್ಲ ಎಂದು ಹೇಳಿ ಭಾಷಣ ಮಾಡುತ್ತಾನಂತೆ. ಭುಜವನ್ನೂ ಬಿಡುವುದಿಲ್ಲ. ಅದೂ ಅವನಿಗೆ ಸಂಕೇತ.

ಆದ್ದರಿಂದ ನಾವೂ ಒಂದು ಚೀಟಿ ಅಂಟಿಸಬೇಕು, ಪ್ರತಿ ಪೋಸ್ಟರಿನ ಕೆಳಗೆ. ಬರೆಯುವ ಕೆಲಸ ನನ್ನದು. ಮೊದಲು ಬರೆದದ್ದು ಎರಡು ಪುಟವಾಯಿತು. 'ಕಪಟ ಮುಂದಾಳುಗಳ ಮುಖವಾಡ' ಎಂದು ಶುರುವಾಗಿತ್ತು.

"ಇದನ್ನ ಓದೋ ಹೊತ್ತಿಗೆ ಬಸ್ಸು ಹೊರಟುಹೋಗುತ್ತೆ," ಎಂದು ಅಕ್ಕ ಮೊದಲ ಪುಟ ಹರಿದಳು.

"ಮುಖವಾಡ ಬೇಡ," ಎಂದರು ಭಾವ. "ನಮಗೂ ಒಂದಿತ್ತು."

"ಶೋಷಣೆ ಅನ್ನೋ ಪದ ಒಂದಾದ್ರೂ ಇರಲಿ."

"ಜಾಗ ಇಲ್ಲ ಕಣೇ."

ಮಾವ ಒಂದೇ ಒಂದು ತಿದ್ದುಪಡಿ ಕೊಟ್ಟರು. ತಾವು ಬರುವುದಿಲ್ಲ ಎಂದು ಬರೆಯಬಾರದು. "ನಾನು ಇಲ್ಲೇ ಇರ್ತೀನಲ್ಲ. ಯಂತ್ರದ ಹಸಿರು ಗುಂಡಿ ಒತ್ತೋಕೆ ಭುಜ ಬೇಕಾ?"

ಭಾನುವಾರ ಶೆಡ್ಡಿನಲ್ಲಿ, ಬಂದವರ ಕಣ್ಣೆದುರಿಗೆ, ಅಂಗಡಿಗೇ ಒಂದು ಹೊಸ ಫಲಕ ಕೆತ್ತುತ್ತೇವೆ, 'ಯಂತ್ರದ ಕೆತ್ತನೆ' ಎಂದು. ಹೋಗುವವರು ಹೋಗಲಿ ಎಂದರು ಭಾವ. ಅದಕ್ಕೆಂದು ಶೆಡ್ಡಿನಲ್ಲಿರುವ ಅತ್ಯಂತ ಕೆಟ್ಟ ಹಲಗೆಯನ್ನು ನಾನೇ ಆರಿಸಿದೆ. ಎರಡು ಗಂಟು, ಒಂದು ಸೀಳು, ಒಂದು ಕಡೆ ಉಬ್ಬು, ಇನ್ನೊಂದು ಕಡೆ ಹಳ್ಳ, ಅಂಚಿನುದ್ದಕ್ಕೂ ಮುಟ್ಟಿದರೆ ಉದುರುವ ತೊಗಟೆ. ಅರ್ಧ ಅಳೆದಿದ್ದೇನೆ, ಉಳಿದದ್ದು ನಾಳೆ. ಯಾರು ಬರುತ್ತಾರೋ ಗೊತ್ತಿಲ್ಲ. ಗಾಜಿನಂಗಡಿಯವನು ಬರುತ್ತೇನೆಂದಿದ್ದಾನೆ, ಸೈಕಲ್ ಅಂಗಡಿಯವನು ನೋಡೋಣ ಎಂದಿದ್ದಾನೆ. ಉಳಿದವರು ಬರದಿದ್ದರೆ ಅವರ ಹಣೆಬರಹ.

ಚೀಟಿ ಹೀಗಿದೆ:

'ಈ ಫೋಟೋದಲ್ಲಿರುವ ಹಿರಿಯರು ಸಭೆಯಲ್ಲಿ ಕೆತ್ತುವುದಿಲ್ಲ. ಅವರ ಭುಜಕ್ಕೆ ನೋವಿದೆ. ನಮ್ಮ ಅಂಗಡಿಯಲ್ಲಿ ಕೆತ್ತುವುದು ಯಂತ್ರ. ಸೊಟ್ಟ ಹಲಗೆಯ ಮೇಲೆ ನೆಟ್ಟಗೆ ಕೆತ್ತುವುದನ್ನು ನೋಡಬೇಕೆನ್ನುವವರು ಮರದಂಗಡಿಯ ಹಿಂದಿನ ಶೆಡ್ಡಿಗೆ ಬನ್ನಿ. ಕಿವಿಗೆ ಹತ್ತಿ ತನ್ನಿ. ಗುಂಡಿ ಒತ್ತುವವರು ಅದೇ ಹಿರಿಯರು. ಭಾನುವಾರ, ಮಾರ್ಚ್ 30, ಬೆಳಿಗ್ಗೆ ಹತ್ತು ಗಂಟೆಗೆ.'